ಮೂರನೆಯ ಬಾಗಿಲು

ಕಳೆದ ವಾರ ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಗಂಜಿ ಹಾಕಿದ ಬಟ್ಟೆ ಕಾಯುವ ವಾಸನೆ ಬಂತು. ಇಪ್ಪತ್ತು ವರ್ಷದ ಹಿಂದಿನ ತಿರುವನಂತಪುರ, ಪಟ್ಟಂನ ನಮ್ಮ ಫ್ಲ್ಯಾಟು, ಎದುರುಮನೆಯ ಅಕ್ಕ... ಎಲ್ಲ ಒಮ್ಮೆಲೇ ನೆನಪಾಯಿತು.

ಅಕ್ಕ ಕಾಸರಗೋಡಿನವರು, ಗಂಡ ಸರ್ಕಾರಿ ವಕೀಲರು. ನಾನು ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಉದ್ಯೋಗಿ. ಕನ್ನಡದವರ ಮನೆಗೆ ಯಾರೇ ನೆಂಟರು ಬರಲಿ, ಊರು ನೋಡುವ ಪಾಠ ಅಕ್ಕನದೇ. ಮ್ಯೂಸಿಯಂಗೆ ಸೋಮವಾರ ಹೋಗಬೇಡಿ, ಮುಚ್ಚಿರುತ್ತದೆ. ಕೋವಳಂಗೆ ಬಿಸಿಲಿಳಿದ ಮೇಲೆ ಹೋಗಿ. ಪದ್ಮನಾಭನ ಗುಡಿಗೆ ಚೂಡಿದಾರದ ಮೇಲೆ ಬಿಳಿ ಮುಂಡು ಸುತ್ತಲೇಬೇಕು. ಅಲ್ಲಿ ಬಾಡಿಗೆಗೆ ಸಿಗುವುದನ್ನು ಯಾರ್ಯಾರೋ ಉಟ್ಟಿರುತ್ತಾರೆಂದು ತಮ್ಮದನ್ನೇ ಗಂಜಿ ಹಾಕಿ ಕೊಡುತ್ತಿದ್ದರು. ದೇವರಿಗಿಂತ ಇವರ ನಿಯಮಗಳೇ ಜಾಸ್ತಿ ಎಂದು ನನಗೆ ಒಳಗೊಳಗೇ ನಗು.

ನನ್ನ ಅಮ್ಮ ಮೊದಲ ಸಲ ಬಂದಾಗ, ಮುಂಡು ಕೊಡುತ್ತಾ ಅಕ್ಕ ದನಿ ತಗ್ಗಿಸಿದರು. ಮಲಗಿದ ದೇವರು ಅಲ್ಲಿ ಮೂರು ಬಾಗಿಲುಗಳಲ್ಲಿ ಕಾಣುತ್ತಾನೆ: ಮೊದಲನೆಯದರಲ್ಲಿ ಮುಖ, ನಡುವೆ ನಾಭಿ, ಕೊನೆಯಲ್ಲಿ ಪಾದ. ಹಿಂದೆ ಅಕ್ಕನ ತಾಯಿ ಬಂದಿದ್ದಾಗ, ರೈಲಿಗೆ ಹೊತ್ತಾಯಿತೆಂದು ಅಕ್ಕನೇ ಅವರನ್ನು ಎರಡನೆಯ ಬಾಗಿಲಿಂದ ಎಳೆದುಕೊಂಡು ಬಂದಿದ್ದರಂತೆ. ಪಾದ ಮುಂದಿನ ಸಲ ನೋಡಿದರಾಯಿತು ಎಂದಿದ್ದರಂತೆ. ಮುಂದಿನ ಸಲ ಬರಲೇ ಇಲ್ಲ... ತಾಯಿ ಹೋದ ಮೇಲೆ ಅಕ್ಕ ಆ ಗುಡಿಯ ಮೆಟ್ಟಿಲು ಹತ್ತಿರಲಿಲ್ಲ.

"ಮೂರನೇ ಬಾಗಿಲಲ್ಲಿ ನನ್ನ ಅಮ್ಮನಿಗೋಸ್ಕರ ಒಂದು ಗಳಿಗೆ ನಿಲ್ಲು ಮಾರಾಯ್ತಿ. ನನ್ನಿಂದ ಆಗುವುದಿಲ್ಲ."

ಒಳಗೆ ನೂಕುನುಗ್ಗಲು. ಕಾವಲಿನವರು "ವೇಗಂ, ವೇಗಂ" ಎಂದು ಅವಸರಪಡಿಸುತ್ತಿದ್ದರು. ಅಮ್ಮ ಬೀಳದಂತೆ ಹಿಡಿದುಕೊಳ್ಳುವುದರಲ್ಲೇ ನನ್ನ ಗಮನ. ಪಾದದ ಮುಂದೆ ಕೈಮುಗಿದೆವು, ಹೊರಬಿದ್ದೆವು. ನೆನಪಾದದ್ದು ಬಸ್ ಸ್ಟಾಪಿನಲ್ಲಿ. ವಾಪಸು ಹೋಗಬಹುದಿತ್ತು. ಅಮ್ಮನಿಗೆ ಹಸಿವಾಗಿತ್ತು, ಪಟ್ಟಂ ಬಸ್ಸು ಬಂದೇಬಿಟ್ಟಿತು, ಹತ್ತಿದೆವು.

ಅಕ್ಕ ಬಾಗಿಲಲ್ಲೇ ಕಾದಿದ್ದರು.

"ನಿಂತೆಯಾ?"

"ನಿಂತೆ ಅಕ್ಕ."

ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಅಷ್ಟು ಹಿರಿಯರು, ನನ್ನ ಕೈಯನ್ನು... ನಿಜ ಹೇಳಲು ಬಾಯಿ ಬರಲಿಲ್ಲ. ಆಗಾಗ ಕನಸಿಗೆ ಬರುತ್ತಿದ್ದ ತಾಯಿ ಈಗ ಬರುತ್ತಿಲ್ಲವೆಂದು ಅಕ್ಕ ವಾರದ ಮೇಲೆ ಹೇಳಿದಾಗಲಂತೂ ನಾಚಿಕೆಯಿಂದ ಹಿಡಿಯಾದೆ. ಅಂದಿನಿಂದ ನನ್ನ ಕನಸಿನಲ್ಲಿ ಗುಡಿಯ ಆ ಸಾಲು, ಅದರಲ್ಲಿ ಮುಖ ಕಾಣದ ಒಬ್ಬ ಮುದುಕಿ.

ವರ್ಗವಾಗಿ ಊರು ಬಿಟ್ಟೆ. ಅಕ್ಕ ತೀರಿಕೊಂಡದ್ದು ತಡವಾಗಿ ತಿಳಿಯಿತು. ಹೋದ ವರ್ಷ ಒಬ್ಬಳೇ ಹೋಗಿ ಮೂರನೆಯ ಬಾಗಿಲ ಮುಂದೆ ನಿಂತೆ; ಎಷ್ಟು ದೂಡಿದರೂ ಕದಲಲಿಲ್ಲ. ಬೇಡಿಕೊಳ್ಳಲು ಹೊರಟರೆ ಅಕ್ಕನ ತಾಯಿಯ ಹೆಸರೇ ಗೊತ್ತಿಲ್ಲ. ಅಂದು ಕೇಳಿಕೊಂಡೇ ಇರಲಿಲ್ಲ. ಇಂದು ಕೇಳೋಣವೆಂದರೆ ಅಕ್ಕ ಇಲ್ಲ.