ಕಿವಿ ಹೋದ ಚಿತ್ರಕಾರನ ಗೋಡೆ

ನಾನು ವಾಡಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ನಿವೃತ್ತಿ ಹತ್ತಿರವಿದ್ದಾಗ ಜ್ವರ ಬಂದು ಮಲಗಿದೆ. ಎದ್ದಾಗ ಎರಡೂ ಕಿವಿ ಹೋಗಿದ್ದವು. ಮದುವೆಯಾದವಳಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಹಿತ್ತಲ ಹಿಂದೆ ಗೂಡ್ಸ್ ಗಾಡಿ ಹೋದರೆ ನೆಲದ ಫರಸಿ ಕಲ್ಲು ಅಂಗಾಲಿನಡಿ ನಡುಗುತ್ತದೆ, ಸದ್ದು ಮಾತ್ರ ಇಲ್ಲ. ಮೊದಮೊದಲು ಮಾತಾಡಿಸಲು ಬರುತ್ತಿದ್ದವರು ಹೇಳಿದ್ದನ್ನೇ ಹೇಳಿ ಬೇಸತ್ತು, ಬರುವುದನ್ನೇ ಬಿಟ್ಟರು.

ಹೋದ ವರ್ಷ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಸ್ಪೇನಿನ ದೊಡ್ಡ ಚಿತ್ರಕಾರನೊಬ್ಬನ ಪ್ರದರ್ಶನವಿದೆಯೆಂದು ಮೊಬೈಲಿನಲ್ಲಿ ಓದಿದೆ. ಅವನೂ ನಡುವಯಸ್ಸಿನಲ್ಲಿ ಕಾಯಿಲೆಯಿಂದ ಕಿವಿ ಕಳೆದುಕೊಂಡವನು. ರೈಲಿನ ಟಿಕೆಟ್ ತೆಗೆಸಿದೆ.

"ಒಬ್ಬಾಕಿನೇ ಹೊಂಟೀರೇನ್ರಿ ಅಕ್ಕೋರ? ಯಾರರ ಜೋಡಿ ಇರಬೇಕಿತ್ತು," ಅಂದಳು ಪಕ್ಕದ ಮನೆಯಾಕೆ. ತುಟಿ ನೋಡಿ ತಿಳಿದುಕೊಂಡೆ.

"ಯಾರನ್ನ ಕರೀಲಿ, ನೀನ ಹೇಳವ್ವಾ," ಅಂದೆ.

ಅವಳು ದಾರಿಗೆ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಮುಂಬಯಿಗೆ ಹೋಗಿ ಅವನ ಚಿತ್ರಗಳ ಮುಂದೆ ನಿಂತೆ. ಅರಮನೆಯಲ್ಲಿ ರಾಜ ರಾಣಿಯರನ್ನು ಬರೆದ ಕೈ ಅವನದು. ಕಿವಿ ಹೋದ ಮೇಲೆ ಅದೇ ಕೈ ಯುದ್ಧದಲ್ಲಿ ಸತ್ತವರನ್ನು, ಹುಚ್ಚರನ್ನು, ದೆವ್ವಗಳನ್ನು ಬರೆಯಿತು. ಕಪ್ಪು ಮಸಿಯ ಆ ಅಚ್ಚುಚಿತ್ರಗಳ ಮುಂದೆ ಜನ ನಿಲ್ಲುತ್ತಿದ್ದರು, ಹೋಗುತ್ತಿದ್ದರು. ಮುಪ್ಪಿನಲ್ಲಿ ಅವನು ತನ್ನ ಮನೆಯ ಗೋಡೆಗಳ ಮೇಲೆಯೇ ಬರೆದುಕೊಂಡ ಚಿತ್ರಗಳ ಫೋಟೊಗಳು ಕೊನೆಯ ಕೋಣೆಯಲ್ಲಿದ್ದವು. ಒಂದರಲ್ಲಿ ನಾಯಿಯ ತಲೆಯಷ್ಟೇ ಕಾಣುತ್ತದೆ, ಮಿಕ್ಕಿದ್ದೆಲ್ಲ ಬರಿದಾದ ಹಳದಿ. ನಾಯಿ ಯಾರನ್ನೋ ನೋಡುತ್ತಿದೆ, ಅಲ್ಲಿ ಯಾರೂ ಇಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಯಾರೋ ಹೆಗಲು ಮುಟ್ಟಿದರು. ಕಾವಲಿನ ಹೆಂಗಸು, ಮುಚ್ಚುವ ಹೊತ್ತಾಯಿತೆಂದು ಆಗಿನಿಂದ ಕೂಗುತ್ತಿದ್ದಳೇನೋ. ಕಿವಿ ಮುಟ್ಟಿ, ಕೇಳಿಸುವುದಿಲ್ಲವೆಂದು ಕೈಯಾಡಿಸಿ ತೋರಿಸಿದೆ. ಅವಳು ತನ್ನ ಕುರ್ಚಿಯನ್ನು ನನ್ನತ್ತ ಎಳೆದು, ಕೂಡಲು ಸನ್ನೆ ಮಾಡಿದಳು. ಉಳಿದ ದೀಪಗಳನ್ನೆಲ್ಲ ಒಂದೊಂದಾಗಿ ಆರಿಸಿ, ನಾಯಿಯ ಮೇಲಿನದನ್ನು ಕಡೆಗೆ ಆರಿಸಿದಳು.

ಊರಿಗೆ ಬಂದು ಒಳಮನೆಯ ಗೋಡೆಗೆ ಸುಣ್ಣ ಬಳಿಸಿದೆ. ಒಲೆಯ ಮುಂದೆ ಕೂತ ಅವ್ವನನ್ನು ಇದ್ದಿಲಿನಲ್ಲಿ ಬರೆದೆ. ಮುಖ ಕೂಡಿಬರಲಿಲ್ಲ. ಒರೆಸಿ ಮತ್ತೆ ಬರೆದೆ. ಒಂದು ದಿನ ಪಕ್ಕದ ಮನೆಯಾಕೆ ಬಂದು ಭಾಳ ಹೊತ್ತು ನೋಡಿದಳು.

"ನಮ್ಮವ್ವನ್ನೂ ಬರೀತೀರೇನ್ರಿ? ಆಕೀದು ಒಂದು ಫೋಟೋನೂ ಇಲ್ಲ."

"ಹ್ಯಾಂಗಿದ್ದಳು ಹೇಳು. ನನ್ನ ಕಡೆ ಮುಖಾ ಮಾಡಿ, ಸಾವಕಾಶ ಹೇಳು."

ಅವಳು ಹೊಸ್ತಿಲ ಮೇಲೆ ಕೂತು ಹೇಳಿದಳು: ಚಿಂಚೋಳಿ ಕಡೆಯಾಕೆ, ಅಗಲ ಹಣೆ, ನಕ್ಕರೆ ಕಣ್ಣು ಮುಚ್ಚುತ್ತಿದ್ದವು. ಹೇಳಿ, ಕಣ್ಣೊರೆಸಿಕೊಂಡು ತನ್ನ ಮನೆಗೆ ಹೋದಳು. ನಾನು ಬಾಗಿಲು ಎಳೆದುಕೊಂಡು, ಕಂಡಿರದ ಆ ಹಣೆಯನ್ನು ಗೋಡೆಯ ಮೇಲೆ ಬರೆಯತೊಡಗಿದೆ.