ಹಸನಬ್ಬ ಕಾಯ್ದ ತಗಡು

ಹಸನಬ್ಬನವರು ಯಾರ ಕ್ಯಾಬಿನ್ನಿಗೆ ಹೋದರೂ ಮೊದಲು ಬಾಗಿಲು ತಟ್ಟುತ್ತಿರಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಕ್ಯಾಬಿನ್ನಿನ ಬುಡದ ತಗಡು ತಟ್ಟುತ್ತಿದ್ದರು. ಬೆರಳ ಗೆಣ್ಣಿನಿಂದ ಎರಡು ಸಲ, ಕಿವಿ ಹತ್ತಿರ ತಂದು. ಎಲ್ಲಿ ಸ್ಕ್ರೂ ಸಡಿಲವಾಗಿದೆ, ಎಲ್ಲಿ ತುಕ್ಕು ಒಳಗಿಂದ ತಿನ್ನುತ್ತಿದೆ ಎಂದು ತಗಡಿನ ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು. ಯಾರೂ ಇಲ್ಲದಾಗ ನಾನೂ ಹಾಗೆ ಕೂತು ತಟ್ಟಿ ನೋಡಿದ್ದೇನೆ. ನನಗೆ ಏನೂ ತಿಳಿಯಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕೊಲ್ಲಿ ನಾಡಿನ ಫಹಾಹೀಲ್ ಪೇಟೆಯಿಂದ ದಕ್ಷಿಣಕ್ಕೆ, ಮರಳಿನ ಮೇಲೆ, ನಮ್ಮ ಕಂಪನಿಯ ಕ್ಯಾಂಪು. ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂರಿಸಿದ, ಕೆಲಸಗಾರರು ಉಳಿಯುವ ಪೋರ್ಟಾ ಕ್ಯಾಬಿನ್ನುಗಳ ಸಾಲುಗಳು. ಕ್ಯಾಬಿನ್ನಿಗೂ ನೆಲಕ್ಕೂ ನಡುವೆ ಎರಡಡಿ ಖಾಲಿ ಜಾಗ. ಅದರೊಳಗೆ ನೀರಿನ ಪೈಪು, ಕರೆಂಟಿನ ಕೇಬಲ್ಲು. ಅದನ್ನು ಮುಚ್ಚಲು ಸುತ್ತಲೂ ತಗಡು ಹೊಡೆದಿರುತ್ತಾರೆ. ಸ್ಕರ್ಟಿಂಗ್ ಎನ್ನುತ್ತಿದ್ದೆವು. ಅದು ಹರಿದರೆ ಮರಳು ನುಗ್ಗುತ್ತದೆ, ಬೆಕ್ಕು ಮರಿ ಹಾಕುತ್ತದೆ, ಪೈಪು ಬಿಸಿಲಿಗೆ ಒಡೆಯುತ್ತದೆ.

ಎ ಬ್ಲಾಕು ನನ್ನ ಉಸ್ತುವಾರಿ, ಬಿ ಬ್ಲಾಕು ಹಸನಬ್ಬನವರದು. ನನ್ನ ಹತ್ತಿರ ಸಿವಿಲ್ ಡಿಪ್ಲೊಮಾ ಇತ್ತು. ಅವರು ಬಂಟ್ವಾಳದ ಕಡೆಯ ಬ್ಯಾರಿ, ಓದಿದ್ದು ನಾಲ್ಕನೇ ಕ್ಲಾಸು. ಇಕಾಮಾದಲ್ಲಿ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿ, ಹೆಲ್ಪರ್ ಎಂದೇ ಬರೆದಿತ್ತು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನನ್ನ ತಗಡು ಮೂರು ತಿಂಗಳಿಗೊಮ್ಮೆ ನಜ್ಜುಗುಜ್ಜಾಗುತ್ತಿತ್ತು, ಅವರದು ಹೊಸದರಂತೆ ಇರುತ್ತಿತ್ತು.

ನನ್ನ ಬ್ಲಾಕಿನಲ್ಲಿ ಮೆಟ್ಟಿಲ ಪಕ್ಕದ ತಗಡು ಒದೆ ತಿಂದೇ ಹಾಳಾಗುತ್ತಿತ್ತು. ‘ಒದೆಯಬೇಡಿ’ ಎಂದು ಮೂರು ಭಾಷೆಯಲ್ಲಿ ಬೋರ್ಡು ಹಾಕಿಸಿದೆ. ಮರುದಿನ ಬೋರ್ಡಿಗೇ ಒದ್ದಿದ್ದರು. ಹಸನಬ್ಬನವರು ಅದನ್ನು ನೋಡಿ ನಕ್ಕರು.

“ಅವರು ಒದೆಯುದು ತಗಡಿಗಲ್ಲ ಶೆಟ್ರೇ. ಬೂಟಿನ ಮರಳು ಕೊಡವುದು. ಪಾಪ, ಎಲ್ಲಿ ಕೊಡವುದು ಮತ್ತೆ?”

ತಮ್ಮ ಬ್ಲಾಕಿನ ಪ್ರತಿ ಮೆಟ್ಟಿಲ ಬಳಿಯೂ ಅವರು ಒಂದು ಕಬ್ಬಿಣದ ಪಟ್ಟಿ ಹುಗಿದಿದ್ದರು, ಬೂಟು ಉಜ್ಜಲು. ಏಸಿಯ ನೀರು ತಗಡಿನ ಮೇಲೆ ತೊಟ್ಟಿಕ್ಕದಂತೆ ಪೈಪು ಎಳೆದಿದ್ದರು. ತಗಡು ನೆಲಕ್ಕೆ ತಾಗದಂತೆ ನಾಲ್ಕು ಬೆರಳು ಮೇಲೆ ನಿಲ್ಲಿಸಿ, ಕೆಳಗೆ ಜಲ್ಲಿ ತುಂಬಿದ್ದರು. ನೀರಿನ ಟ್ಯಾಂಕರು ತಿರುಗುವ ಮೂಲೆಗಳಲ್ಲಿ ಹಳೇ ಲಾರಿ ಟಯರುಗಳನ್ನು ಅರ್ಧ ಹೂತು ಬಿಳಿ ಬಣ್ಣ ಬಳಿದಿದ್ದರು. ಒಂದೊಂದೂ ನನಗೇ ಹೊಳೆಯಬೇಕಿದ್ದ ಸಂಗತಿ. ಅದೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಮ್ಯಾನೇಜರು ಈಜಿಪ್ಟಿನವನು. ಯಾರೇ ಅತಿಥಿ ಬಂದರೂ ಅವರನ್ನು ಬಿ ಬ್ಲಾಕಿಗೇ ಕರೆದೊಯ್ಯುತ್ತಿದ್ದ. ನನ್ನ ಬ್ಲಾಕಿನವರು ನನ್ನ ಬಳಿಯೇ ಬಂದು, “ಭಾಯಿ, ನಮ್ಮನ್ನು ಹಸನಬ್ಬನ ಕಡೆ ಹಾಕಿಕೊಡಿ” ಎಂದು ಕೇಳುತ್ತಿದ್ದರು. ಒಂದು ಶುಕ್ರವಾರ ಪೇಟೆಯ ನಮ್ಮ ಬಾಡಿಗೆ ಮನೆಯಿಂದ ನನ್ನ ಹೆಂಡತಿ ಕ್ಯಾಂಪು ನೋಡಲು ಬಂದವಳು, “ಆ ಕಡೆಯದ್ದು ಎಷ್ಟು ಚಂದ ಉಂಟು! ಅದು ನಿಮ್ಮದಾ?” ಎಂದಳು. ನಾನು ಆಗಲೇ ಅವಳನ್ನು ಮನೆಗೆ ಹೊರಡಿಸಿದೆ.

ಎರಡೂ ಬ್ಲಾಕನ್ನು ಹಸನಬ್ಬನಿಗೇ ವಹಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ ವಾರ, ನಾನು ಅವರ ಬಳಿ ಹೋಗಿ ಒಂದು ಸುಳ್ಳು ಹೇಳಿದೆ.

“ಕಾಕ, ಸೇಫ್ಟಿಯವರ ಕಾಗದ ಬಂದಿದೆ. ಟಯರಿಗೆ ಬೆಂಕಿ ಹಿಡೀತದಂತೆ. ಎಲ್ಲ ತೆಗೆಸಬೇಕು.”

ಅವರು ಕಾಗದ ತೋರಿಸಿ ಎನ್ನಲಿಲ್ಲ. “ಹೌದಾ? ಹಾಗಾದ್ರೆ ತೆಗಿಯುವ” ಎಂದರು. ಸಂಜೆಯೊಳಗೆ ಟಯರುಗಳೆಲ್ಲ ಕ್ಯಾಂಪಿನ ಹೊರಗೆ ಬಿದ್ದಿದ್ದವು.

ಟ್ಯಾಂಕರು ಒಂದೆರಡು ಸಲ ತಗಡಿಗೆ ಗುದ್ದಲಿ, ಮ್ಯಾನೇಜರು ನೋಡಲಿ. ನಾನು ಬಯಸಿದ್ದು ಅಷ್ಟೇ. ಆದರೆ ಗುದ್ದಲಿಲ್ಲ. ಮರುದಿನದಿಂದ, ಟ್ಯಾಂಕರು ಬರುವ ಹೊತ್ತಿಗೆ ಹಸನಬ್ಬನವರೇ ಅದು ತಿರುಗುವ ಮೂಲೆಯಲ್ಲಿ ನಿಂತು, ಕೈ ಬೀಸಿ, “ಯಲ್ಲಾ, ಯಲ್ಲಾ, ಬಸ್!”, ಬಾ, ಬಾ, ಸಾಕು, ಎಂದು ರಿವರ್ಸು ತೆಗೆಸತೊಡಗಿದರು. ಹನ್ನೊಂದು ದಿನ ಹಾಗೇ ನಡೆಯಿತು. ನಾನು ನನ್ನ ಬ್ಲಾಕಿನಿಂದ ನೋಡುತ್ತಿದ್ದೆ. ಹನ್ನೆರಡನೇ ದಿನ ದೂಳು ಎದ್ದಿತ್ತು. ಡ್ರೈವರಿಗೆ ಕನ್ನಡಿಯಲ್ಲಿ ಅವರು ಕಾಣಲಿಲ್ಲ. ಹಿಂದಿನ ಚಕ್ರ ಅವರ ಎಡಗಾಲ ಬೆರಳುಗಳ ಮೇಲೆ ಹತ್ತಿ ನಿಂತಿತು.

ಕೂಗು ಕೇಳಿ ಓಡಿದವರಲ್ಲಿ ನಾನೇ ಮೊದಲಿಗ. ತಗಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಮ್ಯಾನೇಜರು ಮಂಚದ ಪಕ್ಕ ನಿಂತು, ಟಯರು ತೆಗೆಸಿದ್ದು ಯಾರು ಎಂದು ಕೇಳಿದ. ನಾನು ಕಾಲ ಬುಡದಲ್ಲಿ ನಿಂತಿದ್ದೆ. ಹಸನಬ್ಬನವರು ನನ್ನತ್ತ ನೋಡಲಿಲ್ಲ. “ನಾನೇ ತೆಗೆದದ್ದು” ಎಂದು ಎದೆಗೆ ಬೆರಳು ಮಾಡಿ, ಮ್ಯಾನೇಜರಿಗೆ ತಿಳಿಯುವಷ್ಟು ಹಿಂದಿಯಲ್ಲಿ ಹೇಳಿದರು. ಮ್ಯಾನೇಜರು ಅವರ ತಲೆ ಸವರಿದ. ಆ ಕ್ಷಣ ನನ್ನಲ್ಲಿ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ. ಹೊಟ್ಟೆಕಿಚ್ಚು. ಇಲ್ಲೂ ಇವರೇ ದೊಡ್ಡವರಾದರಲ್ಲ ಎಂದು.

ಅವರನ್ನು ಊರಿಗೆ ಕಳಿಸುವುದೆಂದಾಯಿತು. ಏರ್‌ಪೋರ್ಟಿಗೆ ಬಿಡಲು ಕಂಪನಿಯ ಪಿಕಪ್ಪಿನಲ್ಲಿ ನಾನೇ ಹೋದೆ. ಗಾಲಿಕುರ್ಚಿ ಬರುವವರೆಗೆ ಕಾಯುತ್ತಿದ್ದಾಗ ಅವರು ಕೇಳಿದರು.

“ಆ ಕಾಗದ ನಿಜವಾಗಿ ಬಂದಿತ್ತಾ ಶೆಟ್ರೇ?”

“ಇಲ್ಲ ಕಾಕ.”

ಅವರು ಬ್ಯಾಂಡೇಜಿನ ಸಡಿಲ ತುದಿಯನ್ನು ಒಳಗೆ ಸಿಕ್ಕಿಸಿದರು.

“ಒಂದು ಮಾತು ಕೇಳಿದ್ರೆ, ನಿಮ್ಮ ಬ್ಲಾಕಿಗೂ ನಾನೇ ಮಾಡಿಕೊಡ್ತಿದ್ದೆನಲ್ಲ ಮಾರಾಯ್ರೇ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಅರ್ಥವಾಗದವರ ದನಿ ಅದು. ಅಷ್ಟರಲ್ಲಿ ಗಾಲಿಕುರ್ಚಿ ಬಂತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಒಳಗೆ ಹೋದರು.

ಮರುದಿನ ಮ್ಯಾನೇಜರಿಗೆ ನಿಜ ಹೇಳಿದೆ. ಅವನು ನನ್ನನ್ನು ಅರ್ದಿಯಾ ಎಂಬಲ್ಲಿನ ಗೋದಾಮಿಗೆ ಹಾಕಿದ. ಅಲ್ಲಿ ಒಂಬತ್ತು ವರ್ಷ ಇದ್ದೆ. ಹಸನಬ್ಬನವರ ಮನೆಯ ಫೋನು ನಂಬರು ನನ್ನ ಡೈರಿಯಲ್ಲಿತ್ತು. ಅವರು ತೀರಿಕೊಂಡ ಸುದ್ದಿ ಬರುವವರೆಗೂ ನಾನು ಒಮ್ಮೆಯೂ ಆ ನಂಬರು ಒತ್ತಲಿಲ್ಲ. ನಾಚಿಕೆಯಿಂದ ಎಂದು ಹೆಂಡತಿಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಅವರು ಫೋನೆತ್ತಿ, “ಎಂತ ಶೆಟ್ರೇ, ಆರಾಮುಂಟಾ?” ಎಂದು ಪ್ರೀತಿಯಿಂದ ಕೇಳಿಬಿಡುತ್ತಾರಲ್ಲ, ಅದನ್ನು ತಡೆದುಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ.