ಕಡಲಹಕ್ಕಿ ಮುಟ್ಟಿದ ಎಡೆ

ಹೋದ ವಾರ ನನ್ನ ಹಳೆಯ ಶಿಷ್ಯೆಯೊಬ್ಬಳು ಫೋನಿಗೆ ಸಂದೇಶ ಕಳಿಸಿದಳು: 'ಸರ್, ನೀವು ಪಫಿನಸ್ ಕುಲವೆಂದು ಪಾಠ ಮಾಡಿದ್ದ ದೊಡ್ಡ ಕಡಲಹಕ್ಕಿಗಳನ್ನು ಈಗ ಅರ್ಡೆನ್ನ ಎಂಬ ಬೇರೆ ಕುಲಕ್ಕೆ ಹಾಕಿದ್ದಾರೆ.' ರಕ್ತಸಂಬಂಧ ಪರೀಕ್ಷಿಸಿದರೆ ದೊಡ್ಡವು ಸಣ್ಣವುಗಳ ಒಡಹುಟ್ಟಲ್ಲವಂತೆ, ದಾಯಾದಿಗಳಂತೆ. ಹಕ್ಕಿಗಳ ಕುಲ ಬದಲಾಯಿಸುವುದು ಎಷ್ಟು ಸುಲಭ ನೋಡಿ. ನಮ್ಮ ಕಡೆ ಮನುಷ್ಯರದ್ದು ಬದಲಾಯಿಸಿ ನೋಡಲಿ! ನಂಜನಗೂಡಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ನಾನು ಕಡಲು ಕಂಡದ್ದು ಎರಡೇ ಸಲ. ಹಳೆಯ ನೋಟ್‌ಬುಕ್ ತೆಗೆದೆ. ಅದರಲ್ಲಿ ಅಂಟಿಸಿದ್ದ ಕಂದುಗಪ್ಪು ಗರಿಯಿಂದ ಮೀನೆಣ್ಣೆಯ ಕಮಟು ಇನ್ನೂ ಬರುತ್ತಿತ್ತು.

ಆ ಗರಿ ಸಿಕ್ಕಿದ್ದು ಎಷ್ಟೋ ವರ್ಷದ ಹಿಂದೆ, ಟಿ. ನರಸೀಪುರದ ಸಂಗಮದಲ್ಲಿ. ಅಪ್ಪನ ತಿಥಿಗೆಂದು ಹೋಗಿದ್ದೆ. ಪಡುವಣ ಕಡಲಲ್ಲಿ ಚಂಡಮಾರುತವೆದ್ದು ಮೂರು ದಿನ ನಮ್ಮ ಕಡೆಯೂ ಗಾಳಿ ಬೀಸಿತ್ತು. ಪಕ್ಕದಲ್ಲಿ ಕವಲಂದೆಯ ಕುಟುಂಬವೊಂದು ಎಡೆಯಿಟ್ಟು ಕಾಗೆಗೆ ಕಾಯುತ್ತಿತ್ತು. ಆ ಮನೆಯ ಮಹದೇವ ಮಂಗಳೂರಿನ ಕಡೆ ಮೀನಿನ ದೋಣಿಯ ಕೆಲಸಕ್ಕೆ ಹೋಗಿದ್ದ. ವರ್ಷವಾದರೂ ದೋಣಿ ಮರಳಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಕಾಗೆ ಎಡೆ ಮುಟ್ಟಿದರೆ ಅವನು ಸತ್ತದ್ದು ಖಾತ್ರಿ, ಹೆಂಡತಿಯ ತಾಳಿ ತೆಗೆಸಬೇಕು ಎಂದು ಹಿರಿಯರು ತೀರ್ಮಾನಿಸಿದ್ದರು. ಹೆಂಡತಿ ಚಿಕ್ಕತಾಯಮ್ಮ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಅಂದು ಒಂದು ಕಾಗೆಯೂ ಕೂಗಲಿಲ್ಲ. ಅರಳಿಮರದಲ್ಲಿ ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು. ನಮ್ಮಪ್ಪನ ಎಡೆಗೂ ಬರಲಿಲ್ಲ; ಬದುಕಿದ್ದಾಗಲೂ ಅವರನ್ನು ಊಟಕ್ಕೆ ಹತ್ತು ಸಲ ಕರೆಯಬೇಕಿತ್ತೆನ್ನಿ.

ಆಗ ನದಿಯ ಮೇಲಿಂದ, ರೆಕ್ಕೆ ಬಡಿಯದೆ, ಒಂದು ಕಪ್ಪು ಹಕ್ಕಿ ತೇಲಿಬಂದು ಅವರ ಎಲೆಯ ಮೇಲೇ ಬಿತ್ತು. ನಿಲ್ಲಲಾರದೆ ಎದೆಯ ಮೇಲೆ ತೆವಳಿತು. ಕೊಕ್ಕು ಅನ್ನದಲ್ಲಿ ಹೂತಿತು.

'ಮುಟ್ತು, ಕಾಗೆ ಮುಟ್ತು!' ಎಂದರು ಮಹದೇವನ ದೊಡ್ಡಪ್ಪ.

'ಕಾಗೆ ಅಲ್ಲ ಕನ ಮಾವ. ಕಾಲ್ ನೋಡಿ, ಬಾತುಕೋಳಿ ಕಾಲಂಗದೆ,' ಎಂದಳು ಚಿಕ್ಕತಾಯಮ್ಮ.

'ಕರ್ರಗದಲ್ಲಮ್ಮಿ, ಕಾಗೆ ಜಾತೀದೇ ಕಣ. ಬೇಕಾರೆ ಇಲ್ಲೇ ಕಾಲೇಜ್ ಮೇಷ್ಟ್ರವ್ರೆ, ಕೇಳು.'

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಅವಳ ಮೇಲೆ ಕನಿಕರ ಬಂತು. ಸುಳ್ಳೇಕೆ, ವಿದ್ಯೆ ತೋರಿಸುವ ಹುಮ್ಮಸ್ಸೂ ಬಂತು. ಕೊಕ್ಕಿನ ಮೇಲೆ ಕೊಳವೆಯಂತಿದ್ದ ಎರಡು ಮೂಗಿನ ಹೊಳ್ಳೆ ತೋರಿಸಿ, 'ಕಾಗೆಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಪಫಿನಸ್ ಕುಲ. ನಡುಗಡಲಿನ ಹಕ್ಕಿ, ಗಾಳಿ ಇಲ್ಲಿಗೆ ತಂದಿದೆ,' ಎಂದೆ. ಅವಳನ್ನು ಗೆಲ್ಲಿಸಿದೆ ಎಂದುಕೊಂಡೆ.

'ನಡುಗಡಲಿಂದ ಬಂತಾ ಸಾ?' ಎಂದಳು. ದನಿ ಬಿದ್ದುಹೋಗಿತ್ತು. ಹಕ್ಕಿಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ, ಯಾರೂ ಹೇಳದೆ, ತಾಳಿಯನ್ನು ತಾನೇ ಬಿಚ್ಚಿ ಎಲೆಯ ಮೇಲಿಟ್ಟಳು. ಹಕ್ಕಿ ಒಂದು ಗರಿ ಉದುರಿಸಿ, ತೆವಳಿಕೊಂಡು ನೀರಿಗಿಳಿದು ಹೊರಟುಹೋಯಿತು. ಕೆರೆಯ ಯಾವುದೋ ಬಾತು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇದೊಂದು ಕೊರಗು ನನ್ನನ್ನು ಬಿಟ್ಟಿಲ್ಲ.

ಅವಳೀಗ ತಾಂಡ್ಯದ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿದ್ದಾಳೆ. ಕುಲ ಬದಲಾಗಿದೆಯೆಂದು ತಿಳಿದದ್ದೇ ನನಗೊಂದು ಹುಚ್ಚು ಆಸೆ: ಆವತ್ತು ಹೇಳಿದ್ದು ತಪ್ಪೆಂದು ಒಪ್ಪಿಕೊಂಡರೆ ಎದೆಯ ಭಾರ ಇಳಿದೀತೇನೋ. ನಿನ್ನೆ ಬೆಳಿಗ್ಗೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ, ಅವಳು ಬಸ್ಸು ಬದಲಾಯಿಸುವಾಗ, ಕಾದು ನಿಂತು ಹೇಳಿದೆ.

'ಯೆಸ್ರು ಬದ್ಲಾಯ್ತು ಸರಿ. ಊರು ಬದ್ಲಾಯ್ತಾ ಸಾ?'

'ಊರು ಅದೇ. ಕಡಲು.'

ಅವಳು ನಕ್ಕಳು. 'ಅದು ಈಗ್ಲೂ ಬತ್ತದೆ ಸಾ. ಗಾಳಿ ಎದ್ದಾಗ ನಮ್ಮನೆ ಇತ್ಲಲ್ಲಿ ಕೂಗ್ತದೆ, ಮಗು ನರಳ್ದಂಗೆ. ಊ ಅಂತ ಉಸ್ರು ಒಳಕ್ಕೆಳ್ಕಂಡು, ಆಮ್ಯಾಕೆ ಬುಡ್ತದೆ.'

ಸಂಗಮದಲ್ಲಿ ಅದು ದನಿಯೆತ್ತಿರಲಿಲ್ಲ. ಆ ಹಕ್ಕಿ ಹೀಗೇ ಕೂಗುತ್ತದೆಂದು ನಾನು ಓದಿದ್ದೇನಷ್ಟೆ. ಅವಳಿಗೆ ಎಂದೂ ಹೇಳಿರಲಿಲ್ಲ.

'ಯಾಕ್ ಸಾ ಅಂಗೆ ಕೂಗ್ತದೆ?'

ಈ ಸಲ ಹೇಳುವ ಮುಂಚೆ ಮಾತನ್ನು ಅಳೆದು ತೂಗಿದೆ. ತಾಂಡ್ಯದ ಬಸ್ಸು ಬಂತು. ಅವಳು ಹತ್ತದೆ ನಿಂತೇ ಇದ್ದಳು.

'ಗೂಡಿಗೆ ಬಂದಾಗ ಕೂಗುತ್ತೆ,' ಎಂದೆ. 'ಜೊತೆಯನ್ನು ಕರೆಯೋದಕ್ಕೆ.'

ಚಿಕ್ಕತಾಯಮ್ಮ ಬಸ್ಸು ಹತ್ತಿ ಕಿಟಕಿಯಿಂದ ಬಗ್ಗಿದಳು. 'ಅಂಗಾದ್ರೆ ಇನ್ಮ್ಯಾಲೆ ಇತ್ಲು ಬಾಗ್ಲಿಗೆ ಚಿಲ್ಕ ಆಕಲ್ಲ ಬುಡಿ ಸಾ.'

ಇವತ್ತು ಮಧ್ಯಾಹ್ನದಿಂದ ಪಡುವಣ ಗಾಳಿ ಜೋರಾಗಿದೆ. ಕವಲಂದೆಯಲ್ಲಿ ಒಂದು ಬಾಗಿಲು ತೆರೆದಿದೆ, ತೆಗೆಸಿದವನು ನಾನೇ. ನನಗೆ ಭಯವಾಗುತ್ತಿದೆ.